ತಾಯಿಯ ಮಾತು, ಗೋಧಿಯ ಗುಟ್ಟು

“ಊಟ ಬಲ್ಲವನಿಗೆ ರೋಗವಿಲ್ಲ” ಎಂದರು ನಮ್ಮ ಹಿರಿಯರು. ಮಾತು ದೊಡ್ಡವರಿಗೆ ಒಪ್ಪುತ್ತದೆ. ತನಗೆ ಹಿತವಾದುದು ಯಾವುದು, ಒಗ್ಗದುದು ಯಾವುದು ಎಂಬುದನ್ನು ಬೆಳೆದ ಮನುಷ್ಯನು ನಾಲ್ಕು ಸಲ ಪೆಟ್ಟು ತಿಂದಾದರೂ ಅರಿತುಕೊಳ್ಳುತ್ತಾನೆ. ಆದರೆ ಎರಡು ವರ್ಷದ ಮಗು ಊಟವನ್ನು ಬಲ್ಲುದೆ? ತಾಯಿ ತುತ್ತು ಮಾಡಿ ಬಾಯಿಗಿಟ್ಟುದನ್ನು ಅದು ನಂಬಿ ಉಣ್ಣುತ್ತದೆ. ಆ ತುತ್ತಿನಲ್ಲಿಯೇ ಕೇಡು ಅಡಗಿದ್ದರೆ ಮಗು ಯಾರಿಗೆ ಹೇಳಬೇಕು? ತಾಯಿಗಾದರೂ ಅದು ಹೇಗೆ ತಿಳಿಯಬೇಕು?

ಇದು ಬರಿಯ ಕಲ್ಪನೆಯ ಪ್ರಶ್ನೆಯಲ್ಲ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಯೂರೋಪಿನ ಮಕ್ಕಳ ಆಸ್ಪತ್ರೆಗಳಲ್ಲಿ ಒಂದು ಬಗೆಯ ರೋಗಿಗಳು ಸದಾ ಇರುತ್ತಿದ್ದರು. ಮೊಲೆಹಾಲು ಕುಡಿಯುವವರೆಗೆ ಚೆನ್ನಾಗಿ ಬೆಳೆಯುತ್ತಿದ್ದ ಮಗು, ಮೇಲೂಟ ಪ್ರಾರಂಭವಾದ ಕೆಲವು ತಿಂಗಳುಗಳಲ್ಲಿ ಸೊರಗತೊಡಗುವುದು. ದಿನಕ್ಕೆ ಹಲವು ಬಾರಿ ಜಿಡ್ಡುಜಿಡ್ಡಾದ, ನಾತ ಹೊಡೆಯುವ ಭೇದಿ. ತಿಂದದ್ದು ಮೈಗೆ ಹತ್ತದು. ಕೈಕಾಲುಗಳು ಕಡ್ಡಿಯಂತಾಗಿ ಹೊಟ್ಟೆ ಮಾತ್ರ ಗುಡಾಣದಂತೆ ಉಬ್ಬುವುದು. ನಗುತ್ತಿದ್ದ ಮಗು ಸದಾ ರಚ್ಚೆ ಹಿಡಿಯುವುದು. ನಡೆಯುತ್ತಿದ್ದ ಮಗು ಮತ್ತೆ ಕುಳಿತುಬಿಡುವುದು. ಇಂಥ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಕಣ್ಮುಚ್ಚುತ್ತಿದ್ದ ಆಸ್ಪತ್ರೆಗಳೂ ಇದ್ದವು. ಔಷಧಿಗಳ ಕೊರತೆಯೇನೂ ಇರಲಿಲ್ಲ; ಆದರೆ ಯಾವುದೂ ನಾಟುತ್ತಿರಲಿಲ್ಲ.

ಈ ರೋಗದ ಹೆಸರು ಸೀಲಿಯಕ್. ಇದರ ಬೀಗಕ್ಕೆ ಕೀಲಿಕೈ ಹುಡುಕಿದವರು ಹಾಲೆಂಡ್ ಎಂದು ನಾವು ರೂಢಿಯಲ್ಲಿ ಕರೆಯುವ ನೆದರ್ಲೆಂಡ್ಸ್ ದೇಶದ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ. ಅವರ ಹೆಸರನ್ನು ನಮ್ಮಲ್ಲಿ ಕೇಳಿದವರು ವಿರಳ. ಆದರೆ ಇಂದು ಜಗತ್ತಿನ ಯಾವ ಮೂಲೆಯಲ್ಲಾದರೂ ಈ ರೋಗದ ಮಗುವೊಂದು ಗುಣಹೊಂದಿ ಶಾಲೆಗೆ ಹೋಗುತ್ತಿದ್ದರೆ, ಅದು ಡಿಕ್ಕೆಯವರು ತೋರಿಸಿದ ದಾರಿಯಿಂದಲೇ.

ಹಳೆಯ ಒಗಟು

ರೋಗವೇನೂ ಹೊಸದಲ್ಲ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಬಾಳಿದನೆಂದು ಹೇಳಲಾಗುವ ಗ್ರೀಕ್ ವೈದ್ಯ ಅರಿಟೇಯಸ್ ಇಂಥ ಲಕ್ಷಣಗಳನ್ನು ವರ್ಣಿಸಿದ್ದಾನೆ. ಗ್ರೀಕ್ ಭಾಷೆಯಲ್ಲಿ ‘ಕೊಯಿಲಿಯ’ ಎಂದರೆ ಹೊಟ್ಟೆ, ಉದರ. ಅದರಿಂದಲೇ ‘ಸೀಲಿಯಕ್’ ಎಂಬ ಶಬ್ದ ಹುಟ್ಟಿತು. ಕನ್ನಡದಲ್ಲಿ ಹೇಳುವುದಾದರೆ ‘ಉದರರೋಗ’ ಎಂದಷ್ಟೇ ಅರ್ಥ. ಹೆಸರಿನಲ್ಲಿ ರೋಗದ ಸ್ಥಾನ ಮಾತ್ರ ಇದೆ, ಕಾರಣವಿಲ್ಲ. ಕಾರಣ ತಿಳಿಯಲು ಇನ್ನೂ ಹದಿನೆಂಟು ಶತಮಾನಗಳು ಬೇಕಾದುವು.

ಆಧುನಿಕ ವೈದ್ಯಕೀಯದಲ್ಲಿ ಈ ರೋಗವನ್ನು ಸ್ಪಷ್ಟವಾಗಿ ಗುರುತಿಸಿದವರು ಲಂಡನ್ನಿನ ಸ್ಯಾಮ್ಯುಯಲ್ ಗೀ. 1888ರಲ್ಲಿ ಅಚ್ಚಾದ ಅವರ ಪ್ರಬಂಧ ಚಿಕ್ಕದು. ಆದರೆ ಅವರ ಕಣ್ಣು ಬಹಳ ಸೂಕ್ಷ್ಮ. ಒಂದರಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ವಿಶೇಷವಾಗಿ ಕಾಣಿಸಿಕೊಳ್ಳುವುದನ್ನು ಅವರು ಕಂಡರು. ಈ ರೋಗ ಗುಣವಾಗುವುದೇ ಆದರೆ ಅದು ಆಹಾರದ ಪಥ್ಯದಿಂದಲೇ ಆಗಬೇಕು ಎಂದೂ ಹೇಳಿದರು. ಇಷ್ಟು ದೂರ ಬಂದ ಗೀ, ಬಾಗಿಲ ಬಳಿಯಲ್ಲಿಯೇ ಎಡವಿದರು. ಪಿಷ್ಟದ ಅಂಶ ಹೆಚ್ಚಾಗಿರುವ ಪದಾರ್ಥಗಳು ಕೂಡವೆಂದು ಅಕ್ಕಿಯನ್ನೂ ಸಾಬುದಾನಿಯನ್ನೂ ನಿಷೇಧಿಸಿದರು. ತೆಳ್ಳಗೆ ಕೊಯ್ದು ಎರಡು ಕಡೆಯೂ ಚೆನ್ನಾಗಿ ಸುಟ್ಟ ಬ್ರೆಡ್ಡಿಗೆ ಮಾತ್ರ ಅನುಮತಿಯಿತ್ತರು! ನಿರಪರಾಧಿಯನ್ನು ಹೊರಗಟ್ಟಿ ಅಪರಾಧಿಗೆ ಮಣೆ ಹಾಕಿದಂತಾಯಿತು.

ಅವರು ಬರೆದಿಟ್ಟ ಒಂದು ಸಂಗತಿ ಮನಸ್ಸಿನಲ್ಲಿ ಉಳಿಯುವಂಥದು. ಒಂದು ಮಗುವಿಗೆ ಹಾಲೆಂಡಿನ ಕರಾವಳಿಯ ಒಂದು ಬಗೆಯ ಚಿಪ್ಪುಮೀನನ್ನು ದಿನವೂ ಧಾರಾಳವಾಗಿ ತಿನ್ನಿಸಿದರು. ಮಗು ಸೊಗಸಾಗಿ ಚೇತರಿಸಿಕೊಂಡಿತು. ಆ ಮೀನಿನ ಕಾಲ ಮುಗಿಯಿತು. ಮಗು ಮತ್ತೆ ಹಾಸಿಗೆ ಹಿಡಿಯಿತು. ಮರುವರ್ಷ ಅದನ್ನು ತಿನ್ನಲು ಮಗು ಒಪ್ಪಲೇ ಇಲ್ಲ. ಆ ಚಿಪ್ಪುಮೀನಿನಲ್ಲಿ ಏನೋ ಗುಣವಿದೆಯೆಂದು ಯಾರಾದರೂ ಭಾವಿಸುವುದು ಸಹಜವೇ. ಅದನ್ನು ಹೊಟ್ಟೆ ತುಂಬ ತಿನ್ನುತ್ತಿದ್ದ ಕಾಲದಲ್ಲಿ ಮಗು ಬೇರೆ ಏನನ್ನು ತಿನ್ನದೆ ಬಿಟ್ಟಿತ್ತು ಎಂಬ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ.

1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ವೈದ್ಯರು ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದರು. ಅವರು ವರದಿ ಮಾಡಿದ ಹತ್ತು ಮಕ್ಕಳಲ್ಲಿ ಬಾಳೆಹಣ್ಣಿನ ಪಥ್ಯ ಹಿಡಿದ ಎಂಟು ಮಕ್ಕಳು ಚೇತರಿಸಿಕೊಂಡರು. ಪಥ್ಯವಿಲ್ಲದ ಇಬ್ಬರು ತೀರಿಕೊಂಡರು. ವಾರ್ತೆ ಎಲ್ಲೆಡೆ ಹಬ್ಬಿತು. ಮುಂದಿನ ಕಾಲು ಶತಮಾನ ಬಾಳೆಹಣ್ಣು ಅನೇಕ ಮಕ್ಕಳ ಪ್ರಾಣವನ್ನು ಉಳಿಸಿದ್ದು ನಿಜ. ಆದರೆ ಉಳಿಸಿದ್ದು ಬಾಳೆಹಣ್ಣಿನ ಮಹಿಮೆಯಲ್ಲ. ಹಾಸ್ ಅವರ ಪಥ್ಯದಲ್ಲಿ ಬ್ರೆಡ್ಡು, ಬಿಸ್ಕತ್ತು, ಧಾನ್ಯಗಳಿಗೆ ಪ್ರವೇಶವಿರಲಿಲ್ಲ. ಗುಣದ ಗುಟ್ಟು ತಟ್ಟೆಯಲ್ಲಿ ಇದ್ದುದರಲ್ಲಿ ಇರಲಿಲ್ಲ, ಇಲ್ಲದುದರಲ್ಲಿತ್ತು. ಗುಣ ಕಂಡಿತೆಂದು ಪಥ್ಯ ಬಿಟ್ಟು ಮತ್ತೆ ಬ್ರೆಡ್ಡು ತಿಂದ ಮಕ್ಕಳಲ್ಲಿ ರೋಗ ಒಳಗೊಳಗೇ ಮರುಕಳಿಸುತ್ತಿತ್ತು.

ಹೇಗ್ ನಗರದ ಆಸ್ಪತ್ರೆ

ವಿಲ್ಲೆಮ್ ಡಿಕ್ಕೆಯವರು ಹುಟ್ಟಿದ್ದು 1905ರಲ್ಲಿ, ಹಾಲೆಂಡಿನ ಡಾರ್ಡ್ರೆಕ್ಟ್ ಎಂಬ ಊರಿನಲ್ಲಿ. ಲೈಡನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಕಲಿತು, ಹೇಗ್ ನಗರದ ಜೂಲಿಯಾನ ಮಕ್ಕಳ ಆಸ್ಪತ್ರೆಯಲ್ಲಿ ಶಿಶುವೈದ್ಯದ ವಿಶೇಷ ಶಿಕ್ಷಣ ಪಡೆದರು. 1936ರಲ್ಲಿ, ತಮ್ಮ ಮೂವತ್ತೊಂದನೆಯ ವಯಸ್ಸಿನಲ್ಲಿಯೇ, ಅದೇ ಆಸ್ಪತ್ರೆಯ ಮುಖ್ಯ ವೈದ್ಯರಾದರು. ಸೀಲಿಯಕ್ ಮಕ್ಕಳು ಅವರ ವಾರ್ಡುಗಳಲ್ಲಿಯೂ ಇದ್ದರು. ತಿಂಗಳುಗಟ್ಟಲೆ ಮಂಚದ ಮೇಲೆ ಮಲಗಿದ್ದ ಈ ಮಕ್ಕಳನ್ನು ಅವರು ದಿನವೂ ನೋಡುತ್ತಿದ್ದರು.

ಬ್ರೆಡ್ಡಿನ ಮೇಲೆ ಸಂದೇಹ ಮೊದಲು ಮೂಡಿದ್ದು ಹೇಗೆ? ಡಚ್ ಮಕ್ಕಳ ವೈದ್ಯರ ಸಭೆಯೊಂದರಲ್ಲಿ 1932ರಲ್ಲಿ ಸ್ಟೀಮಾನ್ ಎಂಬ ಹಿರಿಯ ವೈದ್ಯರು, ಬ್ರೆಡ್ಡು ಮತ್ತು ರಸ್ಕು ತಿಂದ ಮೇಲೆ ಇಂಥ ಮಕ್ಕಳ ಭೇದಿ ಹೆಚ್ಚಾಗುವುದನ್ನು ಕಂಡುದಾಗಿ ತಿಳಿಸಿದ್ದರು. ಅದು ಡಿಕ್ಕೆಯವರ ಕಿವಿಗೆ ಬಿದ್ದಿತ್ತು. ಅದಕ್ಕಿಂತಲೂ ಹೆಚ್ಚಾಗಿ ಅವರ ಮನಸ್ಸನ್ನು ಹಿಡಿದದ್ದು ಒಬ್ಬ ತಾಯಿಯ ಮಾತು ಎಂದು ಅವರನ್ನು ಹತ್ತಿರದಿಂದ ಬಲ್ಲವರು ಮುಂದೆ ಹೇಳಿದ್ದಾರೆ. ಈ ರೋಗದಿಂದ ನರಳುತ್ತಿದ್ದ ಮಗುವಿನ ತಾಯಿ ಆಕೆ. ಬ್ರೆಡ್ಡು ಕೊಡುವುದನ್ನು ನಿಲ್ಲಿಸಿದರೆ ಮಗುವಿನ ಮೈಮೇಲಿನ ಗಂದೆಗಳು ಬೇಗ ಕಡಿಮೆಯಾಗುತ್ತವೆ, ಮತ್ತೆ ಕೊಟ್ಟರೆ ತಿರುಗಿ ಬರುತ್ತವೆ ಎಂದು ಆಕೆ ಕಂಡುಕೊಂಡಿದ್ದಳು.

ಆಸ್ಪತ್ರೆಗೆ ಬರುವ ತಾಯಂದಿರು ಎಷ್ಟೋ ಹೇಳುತ್ತಾರೆ. ಹಲ್ಲು ಬರುತ್ತಿರುವುದರಿಂದ ಭೇದಿಯಾಯಿತು ಎನ್ನುತ್ತಾರೆ. ಯಾರದೋ ದೃಷ್ಟಿ ತಾಗಿತು ಎನ್ನುತ್ತಾರೆ. ಅವಸರದಲ್ಲಿರುವ ವೈದ್ಯರು ತಲೆಯಾಡಿಸಿ ಚೀಟಿ ಬರೆಯುವುದು ಲೋಕರೂಢಿ. ಡಿಕ್ಕೆಯವರು ಆ ಮಾತನ್ನು ಮನಸ್ಸಿಗೆ ಹಾಕಿಕೊಂಡರು. ಮಗುವಿನ ತಟ್ಟೆಯನ್ನು ದಿನಕ್ಕೆ ಮೂರು ಸಲ ನೋಡುವವಳು ತಾಯಿ. ವಾರಕ್ಕೊಮ್ಮೆ ನಾಡಿ ಹಿಡಿಯುವವರಿಗೆ ಕಾಣದುದು ಅವಳಿಗೆ ಕಂಡಿರಬಹುದು. ಆದರೆ ತಾಯಿ ಹೇಳಿದ ಮಾತ್ರಕ್ಕೆ ಅದು ಶಾಸ್ತ್ರವಾಗುವುದಿಲ್ಲ. ಶಾಸ್ತ್ರವಾಗಬೇಕಾದರೆ ಪರೀಕ್ಷೆಯಾಗಬೇಕು, ಒಂದು ಮಗುವಿನಲ್ಲಲ್ಲ, ಹಲವು ಮಕ್ಕಳಲ್ಲಿ, ಒಂದು ವಾರವಲ್ಲ, ವರ್ಷಗಟ್ಟಲೆ.

1930ರ ದಶಕದ ಮಧ್ಯಭಾಗದಿಂದಲೇ ಅವರು ಕೆಲವು ಮಕ್ಕಳಿಗೆ ಗೋಧಿಯಿಲ್ಲದ ಪಥ್ಯವನ್ನು ಕೊಟ್ಟು ನೋಡತೊಡಗಿದರು. 1941ರಲ್ಲಿ ತಮ್ಮ ನಾಡಿನ ವೈದ್ಯಪತ್ರಿಕೆಯಲ್ಲಿ ಒಂದು ಸಣ್ಣ ಲೇಖನವನ್ನು ಪ್ರಕಟಿಸಿದರು. ಅದರಲ್ಲಿ ಅವರು ಸೂಚಿಸಿದ ಪಥ್ಯ ಅತ್ಯಂತ ಸರಳ: ಬ್ರೆಡ್ಡು, ರಸ್ಕು ಕೂಡದು; ದಿನಕ್ಕೆ ಎರಡು ಹೊತ್ತು ಬಿಸಿಯೂಟ, ಇನ್ನೊಂದು ಹೊತ್ತು ಗೋಧಿಹಿಟ್ಟು ಬೆರೆಸದ ಗಂಜಿ. ಆ ಹೊತ್ತಿಗೆ ಹಾಲೆಂಡು ಜರ್ಮನರ ವಶವಾಗಿ ಒಂದು ವರ್ಷವಾಗಿತ್ತು. ಡಚ್ ಭಾಷೆಯಲ್ಲಿ ಬರೆದ ಆ ಲೇಖನ, ಯುದ್ಧದ ಹೊಗೆಯಲ್ಲಿ, ಹೊರಜಗತ್ತಿನ ಕಣ್ಣಿಗೆ ಬೀಳಲಿಲ್ಲ.

ಹಸಿವಿನ ಚಳಿಗಾಲ

1944ರ ಸೆಪ್ಟೆಂಬರಿನಲ್ಲಿ, ಮಿತ್ರರಾಷ್ಟ್ರಗಳ ಸೈನ್ಯ ಹಾಲೆಂಡಿನ ದಕ್ಷಿಣದ ಗಡಿಯನ್ನು ಮುಟ್ಟಿದಾಗ, ಲಂಡನ್ನಿನಲ್ಲಿದ್ದ ಡಚ್ ಸರ್ಕಾರದ ಕರೆಗೆ ಓಗೊಟ್ಟು ರೈಲ್ವೆ ನೌಕರರು ಮುಷ್ಕರ ಹೂಡಿದರು. ಅದಕ್ಕೆ ಪ್ರತೀಕಾರವಾಗಿ ಜರ್ಮನರು ಪಶ್ಚಿಮದ ನಗರಗಳಿಗೆ ಆಹಾರ ಸಾಗಿಸುವುದನ್ನು ತಡೆದರು. ಕೆಲವು ವಾರಗಳ ಮೇಲೆ ತಡೆಯನ್ನು ಸಡಿಲಿಸಿದರೂ ಅಷ್ಟರಲ್ಲಿ ಚಳಿ ಬಂದು ಕಾಲುವೆಗಳ ನೀರು ಹೆಪ್ಪುಗಟ್ಟಿತ್ತು. ದೋಣಿಗಳು ನಿಂತಲ್ಲಿಯೇ ನಿಂತುವು. ಆಂಸ್ಟರ್ಡಾಮ್, ರಾಟರ್ಡಾಮ್, ಹೇಗ್ ನಗರಗಳ ಜನ ಹಿಂದೆಂದೂ ಕಾಣದ ಹಸಿವನ್ನು ಕಂಡರು. ಪಡಿತರ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗಿಳಿಯಿತು; ಮುಂದೆ ಅದರ ಅರ್ಧಕ್ಕೆ ಬಂದ ದಿನಗಳೂ ಉಂಟು. ಸಕ್ಕರೆಗೆಡ್ಡೆಯನ್ನು ಬೇಯಿಸಿ ತಿಂದರು. ಉದ್ಯಾನಗಳಿಗೆ ಅಲಂಕಾರವಾಗಿದ್ದ ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನೂ ಅಗೆದು ತಿಂದರು. ಆ ಚಳಿಗಾಲದಲ್ಲಿ 20,000ಕ್ಕೂ ಹೆಚ್ಚು ಜನ ಮಡಿದರು. ‘ಹಸಿವಿನ ಚಳಿಗಾಲ’ ಎಂದು ಡಚ್ಚರು ಅದನ್ನು ಇಂದಿಗೂ ನೆನೆಯುತ್ತಾರೆ.

ಈ ದಾರುಣ ದಿನಗಳಲ್ಲಿ ಒಂದು ವಿಚಿತ್ರ ನಡೆಯಿತು. ಊರಿನ ಮಕ್ಕಳೆಲ್ಲ ಸೊರಗುತ್ತಿರುವಾಗ ಸೀಲಿಯಕ್ ಮಕ್ಕಳು ಸುಧಾರಿಸಿಕೊಂಡರು. ಬ್ರೆಡ್ಡು ಎಲ್ಲರಿಗೂ ತಪ್ಪಿಹೋಗಿತ್ತು. ಅದು ತಪ್ಪಿದುದೇ ಈ ಮಕ್ಕಳ ಪಾಲಿಗೆ ಪಥ್ಯವಾಯಿತು. 1945ರ ವಸಂತದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಆಹಾರದ ಮೂಟೆಗಳನ್ನು ಆಕಾಶದಿಂದ ಇಳಿಸಿದುವು. ಮೇ ತಿಂಗಳಿನಲ್ಲಿ ಬಿಡುಗಡೆಯಾಯಿತು. ಊರಿಗೆ ಊರೇ ಬಿಳಿಯ ಬ್ರೆಡ್ಡನ್ನು ಕಣ್ಣೀರಿನೊಡನೆ ತಿಂದಿತು. ಆದರೆ ಬ್ರೆಡ್ಡು ಮರಳಿದೊಡನೆ ಆ ಮಕ್ಕಳ ರೋಗವೂ ಮರಳಿತೆಂದು ಡಿಕ್ಕೆಯವರ ಸಹೋದ್ಯೋಗಿಗಳು ಮುಂದೆ ವಿವರಿಸಿದರು.

ಡಿಕ್ಕೆಯವರ ಶೋಧಕ್ಕೆ ಬರಗಾಲವೇ ಕಾರಣವೆಂಬ ಕಥೆ ಲೋಕದಲ್ಲಿ ಪ್ರಚಾರವಾಗಿದೆ. ಮರದಿಂದ ಬಿದ್ದ ಹಣ್ಣು ನ್ಯೂಟನ್ನನಿಗೆ ಗುರುತ್ವವನ್ನು ಕಲಿಸಿತೆಂಬಂತೆ ಇದೂ ಕೇಳಲು ಸೊಗಸಾಗಿದೆ. ಆದರೆ ನಡೆದದ್ದು ಹಾಗಲ್ಲ. ಬರಗಾಲಕ್ಕೆ ಮೂರು ವರ್ಷಗಳ ಮೊದಲೇ ಅವರ ಪಥ್ಯ ಅಚ್ಚಾಗಿತ್ತು. ಅದಕ್ಕೂ ಮೊದಲು ವರ್ಷಗಟ್ಟಲೆ ಅವರು ಅದನ್ನು ಪರೀಕ್ಷಿಸಿದ್ದರು. ಬರಗಾಲ ಅವರಿಗೆ ವಿಚಾರವನ್ನು ಕೊಡಲಿಲ್ಲ; ಇದ್ದ ವಿಚಾರಕ್ಕೆ ಸಾಕ್ಷಿ ನುಡಿಯಿತು. ಆ ಹಸಿವನ್ನು ಕಂಡ ವೈದ್ಯರು ನೂರಾರು. ಏನನ್ನು ನೋಡಬೇಕೆಂದು ಮೊದಲೇ ತಿಳಿದಿದ್ದವರಿಗೆ ಮಾತ್ರ ಅದರ ಅರ್ಥ ಕಂಡಿತು.

ತೂಕದ ರೇಖೆಗಳು

ಯುದ್ಧಾನಂತರ ಡಿಕ್ಕೆಯವರ ಕೆಲಸ ಯೂಟ್ರೆಕ್ಟ್ ನಗರದೊಡನೆ ಬೆಸೆದುಕೊಂಡಿತು. ಅಲ್ಲಿನ ವಿಲ್ಹೆಲ್ಮಿನ ಮಕ್ಕಳ ಆಸ್ಪತ್ರೆಯ ವೈದ್ಯ ವೈಯರ್ಸ್, ಆಹಾರ ಸಂಶೋಧನ ಸಂಸ್ಥೆಯ ರಸಾಯನಶಾಸ್ತ್ರಜ್ಞ ವಾನ್ ಡೆ ಕಾಮರ್ ಅವರ ಜೊತೆಗೂಡಿದರು. ಒಬ್ಬರಿಗೆ ಮಂಚದ ಬಳಿಯ ಅನುಭವ, ಇನ್ನೊಬ್ಬರಿಗೆ ಪ್ರಯೋಗಶಾಲೆಯ ತಕ್ಕಡಿ.

ಮಗುವಿನ ಮುಖ ಕಳೆಕಟ್ಟಿತು, ಭೇದಿ ಕಡಿಮೆಯಾಯಿತು ಎಂದರೆ ವಿಜ್ಞಾನ ಒಪ್ಪುವುದಿಲ್ಲ. ಎಷ್ಟು ಎಂದು ಅದು ಕೇಳುತ್ತದೆ. ಈ ರೋಗದಲ್ಲಿ ಆಹಾರದ ಜಿಡ್ಡು ರಕ್ತಕ್ಕೆ ಸೇರದೆ ಮಲದಲ್ಲಿ ಹೊರಬೀಳುತ್ತದೆ. ವಾನ್ ಡೆ ಕಾಮರ್ ಮತ್ತು ಅವರ ಜೊತೆಗಾರರು ಮಲದಲ್ಲಿನ ಕೊಬ್ಬನ್ನು ಕರಾರುವಾಕ್ಕಾಗಿ ಅಳೆಯುವ ವಿಧಾನವೊಂದನ್ನು 1949ರಲ್ಲಿ ಪ್ರಕಟಿಸಿದರು. ಮಗು ತಿಂದ ಕೊಬ್ಬೆಷ್ಟು, ಹೊರಹೋದದ್ದೆಷ್ಟು ಎಂಬುದು ತಿಳಿದರೆ ಕರುಳು ಹೀರಿಕೊಂಡ ಪಾಲು ಎಷ್ಟೆಂಬುದು ಲೆಕ್ಕಕ್ಕೆ ಸಿಕ್ಕಿತು. ಕೆಲಸ ಅಂಥ ಘನವಾದುದೆಂದು ತೋರದಿರಬಹುದು. ದಿನದಿನವೂ ಮಲವನ್ನು ಸಂಗ್ರಹಿಸಿ, ತೂಗಿ, ಕುದಿಸಿ ನೋಡುವುದರಲ್ಲಿ ಯಾವ ವೈಭವವೂ ಇಲ್ಲ. ಆದರೆ ಎಷ್ಟೋ ಮಕ್ಕಳ ಆಯುಷ್ಯ ಆ ತಕ್ಕಡಿಯಲ್ಲಿ ತೂಗುತ್ತಿತ್ತು.

ಪರೀಕ್ಷೆ ಹೀಗೆ ನಡೆಯುತ್ತಿತ್ತು. ಗೋಧಿಯನ್ನು ಪೂರ್ತಿಯಾಗಿ ಬಿಡಿಸಿ ಮಗು ಸುಧಾರಿಸುವವರೆಗೆ ಕಾಯುವುದು. ಅನಂತರ ಸ್ವಲ್ಪ ಕಾಲ ಗೋಧಿಯನ್ನು ಮತ್ತೆ ಕೊಡುವುದು. ಪುನಃ ನಿಲ್ಲಿಸುವುದು. ತೂಕ, ಎತ್ತರ, ಹಸಿವು, ಮಲದ ಕೊಬ್ಬು, ಎಲ್ಲವನ್ನೂ ಬರೆದಿಡುವುದು. ಕಾಗದದ ಮೇಲೆ ಎಳೆದ ತೂಕದ ರೇಖೆ ಗೋಧಿಯಿಲ್ಲದ ದಿನಗಳಲ್ಲಿ ಮೇಲೇರುವುದು; ಗೋಧಿ ಬಂದ ಕೆಲವು ದಿನ ಅಥವಾ ವಾರಗಳ ಮೇಲೆ ಬಾಗಿ ಕೆಳಗಿಳಿಯುವುದು. ಅಕ್ಕಿಗೆ, ಮೆಕ್ಕೆಜೋಳಕ್ಕೆ ರೇಖೆ ಬಾಗಲಿಲ್ಲ. ರೈ ಎಂಬ ಧಾನ್ಯಕ್ಕೆ ಗೋಧಿಗಾದಂತೆಯೇ ಬಾಗಿತು. ಗೋಧಿಯ ಪರಿಣಾಮ ಕೊಟ್ಟ ಮರುದಿನವೇ ಕಾಣದೆ ತಡವಾಗಿ ಕಾಣುತ್ತಿದ್ದುದೇ ಇಷ್ಟು ಕಾಲ ವೈದ್ಯರ ಕಣ್ಣು ತಪ್ಪಿಸಿಕೊಂಡದ್ದರ ಒಂದು ಕಾರಣ. ಇಂದು ತಿಂದದ್ದು ಎಷ್ಟೋ ದಿನಗಳ ಮೇಲೆ ಕೆಡುಕನ್ನು ತೋರಿದರೆ ಎರಡನ್ನೂ ಗಂಟು ಹಾಕುವವರಾರು?

ಗುಣವಾದ ಮಗುವಿಗೆ ಮತ್ತೆ ಗೋಧಿ ಕೊಟ್ಟು ರೋಗವನ್ನು ಬರಿಸುವುದು ನ್ಯಾಯವೇ ಎಂದು ಓದುಗರು ಕೇಳಬಹುದು. ಕಠಿಣವಾದ ಪ್ರಶ್ನೆಯೇ ಸರಿ. ಇಂದಿನ ಕಟ್ಟಳೆಗಳು ಅಂಥ ಪ್ರಯೋಗಕ್ಕೆ ಸುಲಭವಾಗಿ ಒಪ್ಪಿಗೆ ಕೊಡಲಾರವು. ಆದರೆ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸದಿದ್ದರೆ ಜಗತ್ತು ಒಪ್ಪುತ್ತಿರಲಿಲ್ಲ. ಬ್ರೆಡ್ಡು ಯೂರೋಪಿನ ನಿತ್ಯದ ಅನ್ನ, ಅಲ್ಲಿನ ಜನ ದೇವರಲ್ಲಿ ಮೊರೆಯಿಟ್ಟು ಬೇಡುವ ಪದಾರ್ಥ. ಅದು ಮಗುವಿಗೆ ವಿಷವೆಂದು ಹೇಳಲು ಬರಿಯ ಧೈರ್ಯ ಸಾಲದು, ಪುರಾವೆ ಬೇಕು.

1950ರಲ್ಲಿ ಡಿಕ್ಕೆಯವರು ಯೂಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ತಮ್ಮ ಡಾಕ್ಟರೇಟ್ ಪ್ರಬಂಧವನ್ನು ಒಪ್ಪಿಸಿದರು. ಕೆಲವು ಧಾನ್ಯಗಳು ಸೀಲಿಯಕ್ ರೋಗಿಗಳಿಗೆ ಮಾಡುವ ಕೇಡು ಅದರ ವಿಷಯ. ಮುಂದೆ ಮೂವರೂ ಸೇರಿ ಗೋಧಿಯನ್ನು ಬಿಡಿಸಿ ನೋಡಿದರು. ಗೋಧಿಯ ಪಿಷ್ಟವನ್ನಷ್ಟೇ ಕೊಟ್ಟರೆ ಮಗುವಿಗೆ ಏನೂ ಆಗಲಿಲ್ಲ. ಅದರ ಅಂಟಿನ ಭಾಗವಾದ ಗ್ಲೂಟೆನ್ ಕೊಟ್ಟಾಗ ರೋಗ ತಿರುಗಿತು. ಅದರಲ್ಲಿಯೂ ಮದ್ಯಸಾರದಲ್ಲಿ ಕರಗುವ ಗ್ಲಯಾಡಿನ್ ಎಂಬ ಅಂಶವೇ ಮುಖ್ಯ ಅಪರಾಧಿಯೆಂದು 1953ರ ಪ್ರಬಂಧಗಳಲ್ಲಿ ಸಾರಿದರು. ಇಷ್ಟರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಷಾರ್ಲಟ್ ಆಂಡರ್ಸನ್ ಮತ್ತು ಅವರ ಸಹೋದ್ಯೋಗಿಗಳು 1952ರಲ್ಲಿ ತಮ್ಮ ರೋಗಿಗಳಲ್ಲಿಯೂ ಇದನ್ನೇ ಕಂಡು ದೃಢಪಡಿಸಿದ್ದರು. ಗೀ ಅವರು ದೂಷಿಸಿದ ಪಿಷ್ಟ ಅರವತ್ತು ವರ್ಷಗಳ ಮೇಲೆ ನಿರ್ದೋಷಿಯೆಂದು ಬಿಡುಗಡೆ ಹೊಂದಿತು.

ಈ ಗ್ಲೂಟೆನ್ ಎಂದರೇನು ಎಂದು ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ. ಹೆಸರು ಹೊಸದಾದರೂ ವಸ್ತು ಅವರ ಕೈಗೆ ಚಿರಪರಿಚಿತ. ಹೋಳಿಗೆಗೆ ಕಣಕ ಕಲಸಿ, ಎಣ್ಣೆ ಹಾಕಿ ನಾದಿ, ನೆನೆಯಲು ಬಿಟ್ಟರೆ ಅದು ರಬ್ಬರಿನಂತೆ ಎಳೆದಷ್ಟೂ ಬರುತ್ತದೆಯಲ್ಲವೆ? ಆ ಎಳೆತನವೇ ಗ್ಲೂಟೆನ್. ಗೋಧಿಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ಹಿಸುಕಿ ತೊಳೆಯುತ್ತ ಹೋದರೆ ಬಿಳಿಯ ಪಿಷ್ಟವೆಲ್ಲ ಹರಿದುಹೋಗಿ ಕೊನೆಗೆ ಉಳಿಯುವ ಅಂಟು ಅದೇ. ರಾಗಿಹಿಟ್ಟನ್ನೋ ಜೋಳದ ಹಿಟ್ಟನ್ನೋ ಹಾಗೆ ಎಳೆಯಲು ಬಾರದು. ಜೋಳದ ರೊಟ್ಟಿಯನ್ನು ಲಟ್ಟಣಿಗೆಯಿಂದ ಎಳೆಯದೆ ಅಂಗೈಯಿಂದ ತಟ್ಟಬೇಕಾಗಿರುವುದು ಅದರಲ್ಲಿ ಈ ಅಂಟು ಇಲ್ಲದುದರಿಂದಲೇ.

ಕರುಳಿನ ಒಳಗೆ

ಅಪರಾಧಿ ಸಿಕ್ಕಿದನು, ಅಪರಾಧ ನಡೆಯುವ ರೀತಿ ತಿಳಿಯಲು ಇನ್ನೂ ಕೆಲವು ದಶಕಗಳು ಬೇಕಾದುವು. ನಮ್ಮ ಸಣ್ಣಕರುಳಿನ ಒಳಮೈ ನುಣುಪಾದ ಕೊಳವೆಯಲ್ಲ. ಮಖಮಲ್ಲಿನ ಬಟ್ಟೆಯ ನವುರು ಎಳೆಗಳಂತೆ ಲಕ್ಷಾಂತರ ಸೂಕ್ಷ್ಮ ಅಂಕುರಗಳು ಅಲ್ಲಿ ನಿಂತಿವೆ. ಆಹಾರದ ಸಾರವನ್ನು ಹೀರುವುದು ಅವುಗಳ ಕೆಲಸ. 1950ರ ದಶಕದಲ್ಲಿ ಬಾಯಿಯ ಮೂಲಕ ನಳಿಗೆಯನ್ನು ಇಳಿಸಿ ಕರುಳಿನ ಒಂದು ಚೂರನ್ನು ತೆಗೆದು ನೋಡುವ ಉಪಾಯವನ್ನು ಲಂಡನ್ನಿನ ಮಾರ್ಗಟ್ ಶೈನರ್ ಮೊದಲಾದವರು ಸಾಧಿಸಿದರು. ಸೀಲಿಯಕ್ ರೋಗಿಗಳ ಕರುಳಿನಲ್ಲಿ ಆ ಅಂಕುರಗಳು ಸವೆದು ನೆಲಸಮವಾಗಿದ್ದುವು! ಉಂಡದ್ದು ಮೈಗೆ ಹತ್ತದಿರುವುದರ ಕಾರಣ ಕಣ್ಣೆದುರಿಗೆ ಕಂಡಿತು. ಗೋಧಿಯನ್ನು ಬಿಟ್ಟ ಮೇಲೆ ಅಂಕುರಗಳು ಮತ್ತೆ ತಲೆಯೆತ್ತುತ್ತವೆ ಎಂಬುದೂ ತಿಳಿಯಿತು.

ಅಂಕುರಗಳನ್ನು ಹಾಳುಮಾಡುವುದು ನೇರವಾಗಿ ಗೋಧಿಯಲ್ಲ. ರೋಗಾಣುಗಳೊಡನೆ ಹೋರಾಡಲೆಂದು ದೇಹದಲ್ಲಿ ಇರುವ ರಕ್ಷಣಾ ವ್ಯವಸ್ಥೆಯೇ ಗ್ಲೂಟೆನ್ನನ್ನು ಶತ್ರುವೆಂದು ಭ್ರಮಿಸಿ, ಆ ಆವೇಶದಲ್ಲಿ ತನ್ನ ಕರುಳನ್ನೇ ಇರಿಯುತ್ತದೆ. ಇದಕ್ಕೆ ಹುಟ್ಟಿನಿಂದ ಬಂದ ಒಂದು ಒಲವು ಬೇಕು, ಡಿ.ಕ್ಯೂ.2 ಅಥವಾ ಡಿ.ಕ್ಯೂ.8 ಎಂಬ ಆನುವಂಶಿಕ ಗುರುತು ಇಲ್ಲದವರಲ್ಲಿ ರೋಗ ಬಹಳ ಅಪರೂಪ. ಗುರುತು ಇದ್ದವರಿಗೆಲ್ಲ ರೋಗ ಬರುವುದೂ ಇಲ್ಲ. 1997ರಲ್ಲಿ ಜರ್ಮನಿಯ ಸಂಶೋಧಕರು ಈ ರೋಗದಲ್ಲಿ ದೇಹ ತನ್ನದೇ ಆದ ಯಾವ ಕಿಣ್ವದ ಮೇಲೆ ತಿರುಗಿಬೀಳುತ್ತದೆಂಬುದನ್ನು ಗುರುತಿಸಿದರು. ಅದರ ಫಲವಾಗಿ ಈಗ ರಕ್ತಪರೀಕ್ಷೆಯಿಂದಲೇ ರೋಗದ ಸುಳಿವನ್ನು ಹಿಡಿಯಬಹುದು.

ವಿಜ್ಞಾನ ಇಷ್ಟು ಮುಂದುವರಿದರೂ ಚಿಕಿತ್ಸೆ ಮಾತ್ರ ಡಿಕ್ಕೆಯವರು ಹೇಳಿದ್ದೇ: ಗೋಧಿ, ಬಾರ್ಲಿ, ರೈ ಇವುಗಳನ್ನು ಜೀವಮಾನಪರ್ಯಂತ ಬಿಡುವುದು.

ನಮ್ಮ ಅಡಿಗೆಮನೆ

ಗೋಧಿಯ ನಾಡಿನ ಈ ಕಥೆ ರಾಗಿ, ಅಕ್ಕಿ, ಜೋಳಗಳ ನಾಡಿನವರಾದ ನಮಗೇಕೆ ಎಂದು ಅನ್ನಿಸಬಹುದು. ಅದಕ್ಕೆ ಉತ್ತರವಾಗಿ 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯನ್ನು ಹೇಳಬೇಕು. ಭಾರತದ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾಗಗಳಲ್ಲಿ 23,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಲಾಯಿತು. ಸೀಲಿಯಕ್ ರೋಗ ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಕೇವಲ 0.10 ಪಾಲು ಕಂಡಿತು. ಹಾಗಾದರೆ ದಕ್ಷಿಣದವರ ರಕ್ತದಲ್ಲಿಯೇ ಏನಾದರೂ ರಕ್ಷೆಯಿದೆಯೆ? ಇಲ್ಲ. ಆನುವಂಶಿಕ ಗುರುತು ಮೂರು ಕಡೆಯೂ ಸುಮಾರು ಮೂರನೆಯ ಒಂದು ಪಾಲು ಜನರಲ್ಲಿ ಇತ್ತು. ಎದ್ದು ಕಾಣುವ ವ್ಯತ್ಯಾಸವಿದ್ದುದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು ತಿನ್ನುತ್ತಿದ್ದುದು 25 ಗ್ರಾಂ.

ಈ ಅಂಕಿಗಳನ್ನು ನಾವು ನಿಧಾನವಾಗಿ ಓದಿಕೊಳ್ಳಬೇಕು. ನಮ್ಮ ಅಜ್ಜಿಯರ ಅಡಿಗೆಮನೆಯಲ್ಲಿ ಗೋಧಿ ಹಬ್ಬದ ಅತಿಥಿ. ಹೋಳಿಗೆಗೆ, ಚಿರೋಟಿಗೆ, ಪಾಯಸಕ್ಕೆ ಬಂದು ಹೋಗುತ್ತಿತ್ತು. ಈಗ ಬೆಳಗ್ಗೆ ರವೆಯ ಉಪ್ಪಿಟ್ಟು ಅಥವಾ ಬ್ರೆಡ್ಡು, ಮಧ್ಯಾಹ್ನ ಮಕ್ಕಳ ಡಬ್ಬಿಗೆ ಚಪಾತಿ, ಸಂಜೆ ಬಿಸ್ಕತ್ತು, ಭಾನುವಾರ ನೂಡಲ್ಸ್. ಅತಿಥಿ ಮನೆಯವನಾಗಿದ್ದಾನೆ. ನೂರರಲ್ಲಿ ತೊಂಬತ್ತೊಂಬತ್ತು ಜನರಿಗೆ ಅದರಿಂದ ಕೇಡಿಲ್ಲ. ಗೋಧಿ ಒಳ್ಳೆಯ ಧಾನ್ಯ. ಅದನ್ನು ಬಿಡುವುದೇ ನಾಗರಿಕತೆಯೆಂದು ಕೆಲವರು ಹಿಡಿದಿರುವ ಹೊಸ ಶೋಕಿಗೆ ಆಧಾರವಿಲ್ಲ. ಆದರೆ ಉಳಿದ ಆ ಒಬ್ಬರ ವಿಷಯದಲ್ಲಿ ಎಚ್ಚರ ಬೇಕು. “ಇದು ಉತ್ತರದವರ ರೋಗ, ನಮ್ಮಲ್ಲಿಲ್ಲ” ಎಂಬ ನಂಬಿಕೆಯಿಂದ ಆ ಮಗುವಿನ ರೋಗ ಹೆಸರಿಲ್ಲದೆ ಉಳಿಯಬಾರದು.

ಮಕ್ಕಳ ಭೇದಿಗೆಲ್ಲ ಇದೇ ಕಾರಣವಲ್ಲ. ನಮ್ಮಲ್ಲಿ ಹೆಚ್ಚಿನ ಭೇದಿ ಸೋಂಕಿನಿಂದ ಬರುವುದು. ಆದರೆ ವಾರಗಟ್ಟಲೆ ನಿಲ್ಲದ ಭೇದಿ, ಉಬ್ಬಿದ ಹೊಟ್ಟೆ, ಏರದ ತೂಕ, ಕಬ್ಬಿಣದ ಔಷಧಿಗೂ ಬಗ್ಗದ ರಕ್ತಹೀನತೆ, ಓರಗೆಯವರಿಗಿಂತ ಕುಗ್ಗಿದ ಎತ್ತರ, ಇವು ಕಂಡಾಗ ಈ ಪ್ರಶ್ನೆಯನ್ನು ವೈದ್ಯರ ಮುಂದಿಡುವುದು ಒಳ್ಳೆಯದು. ಕೆಲವು ಮಕ್ಕಳಲ್ಲಿ ಭೇದಿಯೇ ಇರುವುದಿಲ್ಲ. ಬೆಳವಣಿಗೆ ನಿಂತದ್ದೊಂದೇ ಸೂಚನೆ. ಒಡಹುಟ್ಟಿದವರಲ್ಲೋ ತಂದೆತಾಯಿಗಳಲ್ಲೋ ಈ ರೋಗವಿದ್ದರೆ ಸಂಭವ ಹೆಚ್ಚು. ಒಂದು ಮಾತನ್ನು ಮಾತ್ರ ಮರೆಯಬಾರದು: ಪರೀಕ್ಷೆ ಆಗುವ ಮೊದಲು ಮನೆಯಲ್ಲಿಯೇ ಗೋಧಿಯನ್ನು ಬಿಡಿಸಿದರೆ ರಕ್ತಪರೀಕ್ಷೆಯೂ ಕರುಳಿನ ಪರೀಕ್ಷೆಯೂ ತಪ್ಪು ಹೇಳುವ ಸಂಭವವಿದೆ. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಪಥ್ಯ ಹಿಡಿಯುವ ಮನೆಗೆ ನಮ್ಮ ನಾಡು ದೊಡ್ಡ ವರವನ್ನೇ ಕೊಟ್ಟಿದೆ. ಯೂರೋಪಿನ ತಾಯಿ ಬ್ರೆಡ್ಡಿಗೆ ಬದಲು ಹುಡುಕಿ ಬಳಲಬೇಕಾಯಿತು. ನಮ್ಮಲ್ಲಿ ಮುದ್ದೆ, ಅನ್ನ, ಜೋಳದ ರೊಟ್ಟಿ, ಅಕ್ಕಿರೊಟ್ಟಿ, ಇಡ್ಲಿ, ದೋಸೆ, ನವಣೆ, ಸಜ್ಜೆ ಎಲ್ಲವೂ ಗ್ಲೂಟೆನ್ ಇಲ್ಲದುವು. ಆದರೆ ಗೋಧಿ ವೇಷ ಮರೆಸಿಕೊಂಡು ಬರುವ ದಾರಿಗಳನ್ನು ಬಲ್ಲವರಾಗಬೇಕು. ಅಂಗಡಿಯ ಹಲವು ಇಂಗಿನ ಡಬ್ಬಿಗಳಲ್ಲಿ ಗೋಧಿಹಿಟ್ಟು ಬೆರೆತಿರುತ್ತದೆ. ರವೆ, ಮೈದಾ, ಅಂಗಡಿಯ ಹೆಚ್ಚಿನ ಶ್ಯಾವಿಗೆ ಗೋಧಿಯವೇ. ಬಾರ್ಲಿಯ ಮಾಲ್ಟಿನಿಂದ ಮಾಡಿದ ಪಾನೀಯಗಳೂ ಸಲ್ಲವು. ಗೋಧಿ ಬೀಸಿದ ಗಿರಣಿಯಲ್ಲಿಯೇ ರಾಗಿಯನ್ನು ಬೀಸಿಸಿದರೆ ಕಲ್ಲಿನಲ್ಲಿ ಉಳಿದ ಹಿಟ್ಟು ರಾಗಿಗೆ ಸೇರುತ್ತದೆ. ಗ್ಲೂಟೆನ್‌ಮುಕ್ತವೆಂದು ಮಾರುವ ಪದಾರ್ಥದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲೂಟೆನ್ ಇರಕೂಡದೆಂದು ನಮ್ಮ ದೇಶದ ನಿಯಮವಿದೆ. ಅದರಿಂದಲೇ ತಿಳಿಯುವಂತೆ, ಇಲ್ಲಿ ಚಿಟಿಕೆಯೂ ಲೆಕ್ಕಕ್ಕೆ ಬರುತ್ತದೆ. ಮದುವೆಯ ಮನೆಯಲ್ಲಿ “ಒಂದು ಚೂರು ತಿಂದರೆ ಏನಾಗುತ್ತದೆ, ಬಿಡಿ” ಎಂದು ಒತ್ತಾಯಿಸುವ ನೆಂಟರ ಪ್ರೀತಿಯಿಂದಲೂ ಆ ಮಗುವನ್ನು ಕಾಪಾಡಬೇಕು.

ಡಿಕ್ಕೆಯವರು 1957ರಲ್ಲಿ ಯೂಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಶಿಶುವೈದ್ಯದ ಪ್ರಾಧ್ಯಾಪಕರಾದರು. ಬಹುಕಾಲ ಆ ಪೀಠದಲ್ಲಿ ಇರುವ ಭಾಗ್ಯ ಅವರಿಗಿರಲಿಲ್ಲ. ಆರೋಗ್ಯ ಕೆಟ್ಟಿತು, 1962ರಲ್ಲಿ, ಐವತ್ತೇಳು ವರ್ಷಕ್ಕೇ ತೀರಿಕೊಂಡರು. ಜೀರ್ಣಾಂಗ ರೋಗಗಳ ಡಚ್ ತಜ್ಞರ ಸಂಘ ಅವರ ಹೆಸರಿನಲ್ಲಿ ಸುವರ್ಣಪದಕವನ್ನು ಸ್ಥಾಪಿಸಿದೆ. ಅವರು ಹೊಸ ಔಷಧಿಯನ್ನು ಕಂಡುಹಿಡಿಯಲಿಲ್ಲ, ಹೊಸ ಯಂತ್ರವನ್ನು ರಚಿಸಲಿಲ್ಲ. ಮಗುವಿಗೆ ಇನ್ನೇನು ಕೊಡೋಣ ಎಂದು ಎಲ್ಲರೂ ಹುಡುಕುತ್ತಿದ್ದಾಗ ಏನನ್ನು ಬಿಡಿಸೋಣ ಎಂದು ಕೇಳಿದರು. ಆ ಪ್ರಶ್ನೆಯ ಬೀಜ ಒಬ್ಬ ತಾಯಿಯ ಅನುಭವದಲ್ಲಿತ್ತು. ಅದನ್ನು ಅಲಕ್ಷಿಸದೆ, ಕುರುಡಾಗಿ ನಂಬದೆ, ಹದಿನೈದು ವರ್ಷಗಳಿಗೂ ಮೀರಿ ಯುದ್ಧದ ನಡುವೆಯೂ ತೂಗಿ ಅಳೆದು ಸತ್ಯವನ್ನಾಗಿ ಮಾಡಿದ ಶ್ರದ್ಧೆ ಅವರದು. ಹೆಸರು ಉಳಿಯದ ಆ ತಾಯಿಗೂ ಅವಳ ಮಾತಿಗೆ ಕಿವಿಗೊಟ್ಟ ಈ ವೈದ್ಯರಿಗೂ ಜಗತ್ತಿನ ಮಕ್ಕಳು ಸಮನಾಗಿ ಋಣಿಗಳು.